ಮೊಖ ನೋಡಿ ಮಣೆ ಹಾಕೋ ವಿಮರ್ಶೆ

ವಾಸ್ತುಶಿಲ್ಪದ ಬಗ್ಗೆ ಬರೆಯುವ ಪಂಡಿತರು ಗೋಡೆಯ ಹೊರಮೈ ನೋಡಿ ಮೈಮರೀತಾರೆ. ಒಳಗೆ ಯಾರು ಹೊಗೆ ಕುಡಿದರು, ಯಾರು ನೀರು ಹೊತ್ತರು ಅನ್ನೋದು ಅವರ ಲೆಕ್ಕದಲ್ಲಿಲ್ಲ. ಇಂಗ್ಲೆಂಡಿನ ಬಾತ್ ಪಟ್ಟಣದ ರಾಯಲ್ ಕ್ರೆಸೆಂಟನ್ನು ಹೊಗಳೋವಾಗಲೂ ಇದೇ ಕಥೆ.

ಜಾರ್ಜ್ ಹೆಸರಿನ ನಾಲ್ವರು ದೊರೆಗಳು 1714ರಿಂದ 1830ರವರೆಗೆ ಆಳಿದ ಕಾಲದ ಶೈಲಿ ಅದು. 1767ರಿಂದ 1774ರ ನಡುವೆ ಕಿರಿಯ ಜಾನ್ ವುಡ್‌ನ ನಕ್ಷೆಯಂತೆ ಎದ್ದ 30 ಮನೆ, 114 ಕಂಬ. ಗೋಡೆಗೆ ಗೋಡೆ ಹಂಚಿಕೊಂಡು ಬಿಲ್ಲಿನಂತೆ ಬಾಗಿ ನಿಂತ ಸಾಲು, ದೂರಕ್ಕೆ ಒಂದೇ ಅರಮನೆ. ಚೆಂದ ಇಲ್ಲ ಅಂತ ನಾನು ಹೇಳೋದಿಲ್ಲ. ನಮ್ಮ ಜಿನನಾಥಪುರದ ಶಾಂತಿನಾಥ ಬಸದಿಯ ಬಳಪದ ಕಲ್ಲಿನ ಹಾಗೆ ಬಾತ್‌ನ ಸುಣ್ಣಕಲ್ಲೂ ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿ ತಾಗಿ ಗಟ್ಟಿಯಾಗುವಂಥದು. ಕೆತ್ತುವ ಕೈ ಎಲ್ಲಿಯದಾದರೂ ಕೈಯೇ. ಆದರೆ 1200ರ ಸುಮಾರಿಗೆ ದಂಡನಾಯಕ ರೇಚಣ ಕಟ್ಟಿಸಿದ ಬಸದಿಯ ಹೊರಗೋಡೆ ಮೇಲೆ ವಾದ್ಯ ಬಾರಿಸೋರು, ಕುಣಿಯೋರು ಇದಾರೆ. ಕ್ರೆಸೆಂಟಿನ ಗೋಡೆ ಮೇಲೆ ಒಬ್ಬ ಮನುಷ್ಯ ಇಲ್ಲ. ಬರೀ ಅಳತೆ.

ಹಿಂದಕ್ಕೆ ಹೋಗಿ ನೋಡಿ, ಬಣ್ಣ ಬಯಲಾಗ್ತದೆ. ವುಡ್ ವಿಧಿಸಿದ್ದು ಮುಂಗೋಡೆಯನ್ನು ಮಾತ್ರ. ಇಷ್ಟುದ್ದ ನನ್ನದು ಅಂತ ಕೊಂಡವನು ಹಿಂದೆ ತನಗೆ ಬೇಕಾದಂಗೆ ಕಟ್ಟಿಕೊಂಡ. ಹಿಂದುಗಡೆ ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಕಿಟಕಿಗೆ ಕಿಟಕಿ ಹೊಂದಲ್ಲ. ಶಿಸ್ತೆಲ್ಲ ಬೀದಿಯ ಕಣ್ಣಿಗೆ!

ಈ ಜಾತಿಯ ಮನೆಗಳಲ್ಲಿ ಎತ್ತರದ ಕಿಟಕಿ ಯಜಮಾನರ ನಡುಮಹಡಿಗೆ. ಸೂರಿನ ಕೆಳಗಿನ ಗೂಡು ಆಳುಗಳು ಮಲಗೋಕೆ. ಅಡುಗೆಮನೆ ಬೀದಿಮಟ್ಟಕ್ಕಿಂತ ಕೆಳಗಿನ ನೆಲಮಾಳಿಗೆಯಲ್ಲಿ. ಬೆಳಿಗ್ಗೆ ಗೂಡಿನಿಂದ ನೆಲಮಾಳಿಗೆಗೆ, ರಾತ್ರಿ ನೆಲಮಾಳಿಗೆಯಿಂದ ಗೂಡಿಗೆ. ಕಲ್ಲಿದ್ದಲು ಮೇಲಕ್ಕೆ, ಬೂದಿ ಕೆಳಕ್ಕೆ. ಇದನ್ನು 'ಪ್ರಮಾಣಬದ್ಧತೆ' ಅಂದುಬಿಟ್ಟರೆ ಮುಗೀತೇನ್ರಿ? ಯಾರನ್ನು ಎಲ್ಲಿಡಬೇಕು ಅಂತ ನಮ್ಮೂರುಗಳು ಕೇರಿ ಮಾಡಿ ತೋರಿಸಿದವು. ಅವರು ಒಂದೇ ಮನೆಯೊಳಗೆ ನಿಲ್ಲಿಸಿ ತೋರಿಸಿದರು.

ದುಡ್ಡಿನ ಮಾತೂ ಬರಬೇಕು. ಪಕ್ಕದ ಬ್ರಿಸ್ಟಲ್‌ನಲ್ಲಿ 1790ರ ಸುಮಾರಿಗೆ ಜಾನ್ ಪಿನ್ನಿ ಕಟ್ಟಿಸಿದ ಇದೇ ಶೈಲಿಯ ಮನೆ ಈಗ ಮ್ಯೂಸಿಯಂ. ಅವನ ಸಿರಿ ನೆವಿಸ್ ದ್ವೀಪದ ಕಬ್ಬಿನ ತೋಟದ್ದು, ಗುಲಾಮರು ಬೆಳೆದದ್ದು. ಅಲ್ಲಿಂದ ತಂದ ಪೀರೊ ಎಂಬ ಗುಲಾಮ ಆ ಮನೆಯಲ್ಲೇ ಊಳಿಗ ಮಾಡಿದ. 1999ರಲ್ಲಿ ಊರಿನ ಒಂದು ಸೇತುವೆಗೆ ಅವನ ಹೆಸರಿಟ್ಟರು. ರಾಯಲ್ ಕ್ರೆಸೆಂಟಿನ 1ನೇ ನಂಬರ್ ಮನೆಗೂ ಬೇರೆಯಾಗಿ ಹೋಗಿದ್ದ ಆಳುಕಾಳುಗಳ ಭಾಗವನ್ನು ಮತ್ತೆ ಸೇರಿಸಿ 2013ರಲ್ಲಿ ತೆರೆದರು. ಅಷ್ಟರಮಟ್ಟಿಗೆ ಅವರ ವಿಮರ್ಶೆ ಅಡುಗೆಮನೆಗೆ ಇಳಿದಿದೆ.

ನಮ್ಮದು? ಇದೇ ಹಾಸನ ಜಿಲ್ಲೆಯ ಸಕಲೇಶಪುರದ ಕಾಫಿ ತೋಟಗಳಲ್ಲಿ ಲೈನ್ ಮನೆಗಳಿವೆ. ಅವೂ ಸಾಲುಮನೆಗಳೇ. ಒಂದೇ ಮಾಡು, ಎರಡು ಮನೆಗೊಂದು ಗೋಡೆ, ಆಚೆಯವ ಕೆಮ್ಮಿದರೆ ಈಚೆ ಮಗು ಏಳ್ತದೆ. ಮುಂಗೋಡೆಗೂ ಹಿಂಗೋಡೆಗೂ ಭೇದವಿಲ್ಲ, ಯಾರಿಗೆ ತೋರಿಸಬೇಕು? 1951ರ ತೋಟ ಕಾರ್ಮಿಕರ ಕಾಯ್ದೆ ಮನೆ ಕೊಡುವ ಹೊಣೆಯನ್ನು ಮಾಲೀಕನ ಮೇಲೆ ಹಾಕಿತು. ಎಸ್ಟೇಟಿನ ಬಂಗಲೆಯ ಫೋಟೋ ನಾನು ಪುಸ್ತಕಗಳಲ್ಲಿ ನೋಡಿದೀನಿ, ಲೈನಿನದು ನೋಡಿಲ್ಲ. ಮೊದಲು ಅದರ ನಕ್ಷೆ ಬರೀರಿ: ಒಲೆ ಎಲ್ಲಿ, ಹೊಗೆ ಎಲ್ಲಿಗೆ ಹೋಗ್ತದೆ, ಹೆಣ್ಣುಮಕ್ಕಳು ಮೀಯೋದು ಎಲ್ಲಿ, ಕೆಲಸ ಬಿಟ್ಟ ದಿನ ಪಾತ್ರೆಪಗಡ ಇಡೋದು ಎಲ್ಲಿ.