ಗಂಜಾಮಿನ ದೊಡ್ಡಸ್ವಾಮಿ: ನಡೆಗೊಂದು ಗಡಿ

ನಿಮಿಷಾಂಬೆಯ ದರ್ಶನಕ್ಕೆಂದು ಶ್ರೀರಂಗಪಟ್ಟಣದ ಗಂಜಾಮಿಗೆ ಬಂದವರಲ್ಲಿ ಹೆಚ್ಚಿನವರು ಅದೇ ಊರಿನ ಹಳೆಯ ಚರ್ಚಿಗೆ ಹೋಗುವುದಿಲ್ಲ. ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅವರ ಹೆಸರು ಅಲ್ಲಿ ಇಂದಿಗೂ ಉಳಿದಿದೆ. 1792ರಲ್ಲಿ ಭಾರತಕ್ಕೆ ಬಂದ ಅವರನ್ನು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಒಟ್ಟುಗೂಡಿಸಲು ಕರೆಸಲಾಯಿತು. 1784ರಲ್ಲಿ ಟಿಪ್ಪು ಕರಾವಳಿಯಿಂದ ಸೆರೆಹಿಡಿದು ತರಿಸಿದ್ದ ಕ್ಯಾಥೊಲಿಕರಲ್ಲಿ ಅನೇಕರಿಗೆ ಬಲವಂತದಿಂದ ಸುನ್ನತಿ ಮಾಡಿಸಲಾಗಿತ್ತು. ಅವರಲ್ಲಿ ಉಳಿದವರನ್ನು ದ್ಯುಬುವಾ ಮತ್ತೆ ಸಭೆಗೆ ಸೇರಿಸಿಕೊಂಡರು.

ಅವರು ದೇಸಿ ಉಡುಪು ತೊಟ್ಟರು, ಮಾಂಸ ಬಿಟ್ಟರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಸಿಡುಬು ಹಬ್ಬಿದ ಕಾಲದಲ್ಲಿ, 1803-04ರಲ್ಲಿ, ಅವರ ಮುಂದಾಳತ್ವದಲ್ಲಿ 25,432 ಮಂದಿಗೆ ದೇವಿ ಹಾಕಲಾಯಿತು. ಹಸುವಿನ ಸಿಡುಬಿನಿಂದ ತೆಗೆದ ಮದ್ದನ್ನು ಮಗುವಿನ ತೋಳಿಗೆ ಚುಚ್ಚಲು ಒಪ್ಪಬೇಕಾದರೆ ತಾಯಿಗೆ ಎಷ್ಟು ನಂಬಿಕೆ ಇರಬೇಕು! ದ್ಯುಬುವಾ ಅವರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಕೆಲಸ ಕಾಣುವುದಿಲ್ಲ.

ಅವರಿಗೆ ಕೀರ್ತಿ ತಂದದ್ದು ಮಾತ್ರ ಪುಸ್ತಕ. ಹಿಂದೂಗಳ ನಡೆನುಡಿ, ಆಚರಣೆಗಳನ್ನು ಕುರಿತ ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಕಣ್ಣಾರೆ ಕಂಡದ್ದೆಂದು ಬಹುಕಾಲ ಓದಿಸಿಕೊಂಡ ಈ ಗ್ರಂಥದ ಬಹುಭಾಗ ಜೆಸ್ವಿಟ್ ಪಾದ್ರಿ ಕೆರ್ದೂ ಅವರ ಬರವಣಿಗೆಯಿಂದ ಬಂದದ್ದೆಂದು 1987ರಲ್ಲಿ ವಿದ್ವಾಂಸೆ ಸಿಲ್ವಿಯಾ ಮರ್ ತೋರಿಸಿದರು. ಇನ್ನೊಬ್ಬರ ದುಡಿಮೆಯನ್ನು ಹೆಸರು ಹೇಳದೆ ಬಳಸಿಕೊಂಡದ್ದನ್ನು ಕ್ಷಮಿಸುವುದು ಕಷ್ಟ. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಂತೂ ದ್ಯುಬುವಾ ಭಾರತದಲ್ಲಿ ಮತಾಂತರಕ್ಕೆ ಭವಿಷ್ಯವೇ ಇಲ್ಲವೆಂದು ಕೈಚೆಲ್ಲಿದರು. ಇದನ್ನು ಖಂಡಿಸಿ ಇಂಗ್ಲಿಷ್ ಪಾದ್ರಿ ಜೇಮ್ಸ್ ಹಫ್ 1824ರಲ್ಲಿ ಉತ್ತರ ಬರೆದರು. ಗಂಜಾಮಿನಲ್ಲಿ ಪೂಜೆಗೆ ಮಂಡಿಯೂರುತ್ತಿದ್ದ ಒಕ್ಕಲುಗಳ ಬಾಳನ್ನು ಆ ನಿರಾಶೆ ಕಡೆಗಣಿಸಿತು ಎಂದೇ ಹೇಳಬೇಕು.

ಇದಕ್ಕಿಂತ ಗಂಭೀರವಾದ ಕೊರತೆ ಜಾತಿಯದ್ದು. ಉಟ್ಟ ಬಟ್ಟೆ, ಉಣ್ಣುವ ಅನ್ನ ಎರಡನ್ನೂ ಬದಲಿಸಿಕೊಂಡ ದ್ಯುಬುವಾ ಜಾತಿಯನ್ನು ಪ್ರಶ್ನಿಸಲಿಲ್ಲ. ಸಮಾಜವನ್ನು ಕಟ್ಟಿಹಿಡಿದ ಜಾಣ ವ್ಯವಸ್ಥೆ ಎಂದು ಅದನ್ನು ಹೊಗಳಿದರು. ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ಧರ್ಮದ ಗುರು ಹೀಗೆ ಬರೆದದ್ದು ನೋವಿನ ಸಂಗತಿ. ದೀಕ್ಷಾಸ್ನಾನದ ಬಳಿಕವೂ ಜಾತಿ ಜೊತೆಯಲ್ಲೇ ಬಂತು. ಆದರೂ 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗುಳಿದರು. ಸಭೆಯೊಳಗೆ ಜಾತಿಯ ಕಾಟ, ಸರ್ಕಾರಿ ಕಡತದಲ್ಲಿ ಮೀಸಲಾತಿಗೆ ತಡೆ: ಈ ಎರಡರ ನಡುವೆ ಸಿಕ್ಕ ವಿಶ್ವಾಸಿಗೆ ದೊಡ್ಡಸ್ವಾಮಿಯವರ ಪುಸ್ತಕದಲ್ಲಿ ಉತ್ತರವಿಲ್ಲ.