ವಾಲಿಯ ಪ್ರಶ್ನೆ ಸ್ಕೈರಿಮ್‌ನಲ್ಲಿ ಯಾರೂ ಕೇಳಲ್ಲ

ಸ್ಕೈರಿಮ್ ಆಡಿದವರನ್ನ ಕೇಳಿ ನೋಡಿ, ಕೊನೆಗೆ ಎಲ್ಲರೂ ಒಂದೇ ಥರದ ಮನುಷ್ಯ ಆಗಿರ್ತಾರೆ. ಶುರುವಿನಲ್ಲಿ ಒಬ್ಬ ಮಂತ್ರವಾದಿ ಆಗ್ತೀನಿ ಅಂತಾನೆ, ಇನ್ನೊಬ್ಬಳು ಎರಡೂ ಕೈಯಲ್ಲಿ ಕೊಡಲಿ ಹಿಡಿದು ನುಗ್ತೀನಿ ಅಂತಾಳೆ. ಇಪ್ಪತ್ತು ಗಂಟೆ ಆಡಿದ ಮೇಲೆ ನೋಡಿದ್ರೆ ಇಬ್ಬರೂ ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಬಾಣ ಬಿಡ್ತಿರ್ತಾರೆ. ಆಟ ಬಂದಿದ್ದು 2011ರಲ್ಲಿ. ಈ 'ಸ್ಟೆಲ್ತ್ ಆರ್ಚರ್' ಜೋಕು ಇನ್ನೂ ಹಳತಾಗಿಲ್ಲ. ಮರೆಯಲ್ಲಿ ಕೂತು ಬಿಟ್ಟ ಬಾಣಕ್ಕೆ ಪೆಟ್ಟು ಜಾಸ್ತಿ, ಹೊಡೆದವನಿಗೆ ಅಪಾಯ ಕಮ್ಮಿ. ಅದರ ಜೊತೆ ಕಮ್ಮಾರಿಕೆ, ಮದ್ದು ಅರೆಯೋದು, ಆಯುಧಕ್ಕೆ ಮಂತ್ರ ಹಾಕೋದು, ಈ ಮೂರನ್ನೂ ಒಂದರಿಂದ ಇನ್ನೊಂದನ್ನ ಬಲ ಮಾಡ್ತಾ ಹೋದ್ರೆ ಆಮೇಲೆ ಡ್ರ್ಯಾಗನ್ ಕೂಡ ಎರಡೇಟಿಗೆ ಬೀಳುತ್ತೆ.

ಗೇಮರ್‌ಗಳ ಭಾಷೆಯಲ್ಲಿ ಇದಕ್ಕೆ ಓಪಿ ಅಂತಾರೆ, ಅಂದ್ರೆ ಓವರ್‌ಪವರ್ಡ್. ಆಟ ಕೊಡಬಲ್ಲ ಯಾವ ಕಷ್ಟಕ್ಕೂ ಜಗ್ಗದ ಪಾತ್ರ. ಇದರ ಎದುರು ಪಕ್ಷದಲ್ಲಿ ಊನ ಇರೋ ಪಾತ್ರಗಳನ್ನೇ ಆಡಬೇಕು ಅನ್ನೋರು ಇದ್ದಾರೆ: ಕುಡುಕ ಪತ್ತೇದಾರ, ಹೆದರುಪುಕ್ಕಲ ಯೋಧ, ಸುಳ್ಳು ಹೇಳೋಕೆ ಬಾರದ ಕಳ್ಳ. ಆರ್‌ಪಿಜಿ ಆಡೋರು ಎಲ್ಲಿ ಸೇರಿದ್ರೂ ಈ ಜಗಳ ಏಳುತ್ತೆ. ನನ್ನ ರೂಮ್‌ಮೇಟ್ ಒಬ್ಬನಿದ್ದ. ನಾನು ಪಾತ್ರ ಕಟ್ಟೋಕೆ ಕೂತರೆ ಸಾಕು, "ಮಗಾ, ಬಿಲ್ಡ್ ನೋಡ್ಕೊಂಡು ಆಡೋ, ಟೈಮ್ ವೇಸ್ಟ್ ಮಾಡ್ಬೇಡ" ಅಂತ ಯೂಟ್ಯೂಬ್ ಲಿಂಕ್ ಕಳಿಸ್ತಿದ್ದ.

ನನಗೆ ಈ ಜಗಳದಲ್ಲಿ ಎರಡೂ ಪಕ್ಷದವರು ತಪ್ಪು ಕಡೆ ನೋಡ್ತಿದ್ದಾರೆ ಅನ್ಸುತ್ತೆ. ಪಾತ್ರಕ್ಕೆ ಎಷ್ಟು ಬಲ ಇದೆ ಅನ್ನೋದಕ್ಕಿಂತ, ಆ ಬಲ ಅಥವಾ ಊನಕ್ಕೆ ಆಟದ ಲೋಕ ಏನು ಉತ್ತರ ಕೊಡುತ್ತೆ ಅನ್ನೋದು ಮುಖ್ಯ. ಇದನ್ನ ನಾನು ಕಲಿತಿದ್ದು ವಿಡಿಯೋ ಗೇಮಿನಿಂದಲ್ಲ, ತಾಳಮದ್ದಳೆಯಿಂದ.

ನಮ್ಮ ಗೋಣಿಬೀಡಿನಂಥ ಮಲೆನಾಡಿನ ಊರುಗಳಿಗೂ ಘಟ್ಟದ ಕೆಳಗಿನವರಿಗೂ ತಾಳಮದ್ದಳೆ ಗೊತ್ತು. ಗೊತ್ತಿಲ್ಲದವರಿಗೆ ಎರಡು ಮಾತು. ಇದು ಯಕ್ಷಗಾನವೇ, ಆದ್ರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡ್ತಾರೆ, ಚೆಂಡೆ ಮದ್ದಳೆ ಇರುತ್ತೆ. ಪಂಚೆ ಶಾಲು ಹಾಕ್ಕೊಂಡು ಎದುರುಬದುರು ಕೂತ ಅರ್ಥಧಾರಿಗಳು ಪಾತ್ರವಾಗಿ ಮಾತಾಡ್ತಾರೆ. ಕಥೆ ಮೊದಲೇ ಗೊತ್ತು, ಪದ್ಯ ಮೊದಲೇ ಬರೆದಿದ್ದು. ಮಾತು ಮಾತ್ರ ಆ ಹೊತ್ತಿಗೆ ಹುಟ್ಟಬೇಕು. ಎದುರಿನವನು ಏನು ಕೇಳ್ತಾನೋ ಅದಕ್ಕೆ ಅಲ್ಲೇ ಉತ್ತರ. ರೋಲ್ ಪ್ಲೇಯಿಂಗ್ ಅನ್ನೋ ಪದ ಇದಕ್ಕಿಂತ ಚೆನ್ನಾಗಿ ಎಲ್ಲಿ ಒಪ್ಪುತ್ತೆ ಹೇಳಿ.

ಅದರಲ್ಲಿ 'ವಾಲಿವಧೆ' ಅಂತ ಒಂದು ಪ್ರಸಂಗ. ವಾಲಿ ಅಪ್ಪಟ ಓಪಿ ಪಾತ್ರ. ಎದುರಿಗೆ ನಿಂತವನ ಅರ್ಧ ಬಲ ಅವನಿಗೇ ಬಂದುಬಿಡುತ್ತೆ ಅನ್ನೋ ಕಥೆ ಎಲ್ಲರಿಗೂ ಗೊತ್ತು. ಅಂಥವನನ್ನ ಎದುರು ನಿಂತು ಗೆಲ್ಲೋಕೆ ಆಗಲ್ಲ. ಹಾಗಾಗಿ ಬಾಣ ಬರೋದು ಮರದ ಮರೆಯಿಂದ. ರಾಮನನ್ನ ಸ್ಕೈರಿಮ್ ಆಟಗಾರನಿಗೆ ಹೋಲಿಸ್ತಿದ್ದಾನೆ ಅಂತ ಬೈಬೇಡಿ. ನಾನು ಹೋಲಿಸ್ತಿರೋದು ಬಾಣ ಬಿಟ್ಟ ಜಾಗವನ್ನ ಮಾತ್ರ.

ಸ್ಕೈರಿಮ್‌ನಲ್ಲಿ ಬಾಣ ತಾಗಿದ ತಕ್ಷಣ ಕೆಲಸ ಮುಗೀತು. ಪಕ್ಕದಲ್ಲಿದ್ದ ಕಾವಲುಗಾರ ಅರೆ ನಿಮಿಷ ಹುಡುಕಾಡಿ, ಏನೂ ಇಲ್ಲ ಅಂದ್ಕೊಂಡು ವಾಪಸ್ ಬಂದು ನಿಲ್ತಾನೆ. ವಾಲಿವಧೆಯ ಅಸಲಿ ಆಟ ಬಾಣ ತಾಗಿದ ಮೇಲೇ ಶುರು. ಬಿದ್ದಿರೋ ವಾಲಿ ಕೇಳ್ತಾನೆ: ನನಗೂ ನಿನಗೂ ಏನು ಹಗೆತನ? ಮರೆಯಲ್ಲಿ ನಿಂತು ಯಾಕೆ ಹೊಡೆದೆ? ರಾಮನ ಪಾತ್ರ ವಹಿಸಿದವರು ಉತ್ತರ ಕೊಡಬೇಕು, ಆ ಉತ್ತರಕ್ಕೆ ಮತ್ತೆ ಪ್ರಶ್ನೆ ಬರುತ್ತೆ. ಜನ ಕಾದು ಕೂತಿರೋದೇ ಈ ಭಾಗಕ್ಕೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣನಂಥ ಪಾತ್ರಗಳಿಂದಲೇ ದೊಡ್ಡ ಹೆಸರು ಮಾಡಿದವರು. ಎರಡೂ ಸೋಲೋ ಪಾತ್ರಗಳೇ. ಸೋಲು ಖಾತ್ರಿ ಅಂತ ಗೊತ್ತಿದ್ದೂ ದೊಡ್ಡ ಅರ್ಥಧಾರಿಗಳು ಅಂಥ ಪಾತ್ರಗಳಿಗೆ ಯಾಕೆ ಮನಸ್ಸು ಕೊಡ್ತಿದ್ರು? ಅಲ್ಲಿ ಕೇಳೋಕೆ ಪ್ರಶ್ನೆ ಇದೆ, ಅದಕ್ಕೆ.

ಸ್ಕೈರಿಮ್‌ನ ಓಪಿ ಪಾತ್ರ ಬೇಜಾರಾಗೋಕೆ ಕಾರಣ ಬಲ ಜಾಸ್ತಿ ಆಗಿದ್ದಲ್ಲ. ಆ ಬಲವನ್ನ ಆ ಲೋಕದಲ್ಲಿ ಯಾರೂ ಪ್ರಶ್ನೆ ಮಾಡಲ್ಲ. ಸಣ್ಣಪುಟ್ಟ ಮಂತ್ರ ನಾಲ್ಕು ಗೊತ್ತಿದ್ರೆ ಸಾಕು, ಮಂತ್ರವಿದ್ಯೆಯ ಕಾಲೇಜಿಗೇ ಮುಖ್ಯಸ್ಥ ಆಗಬಹುದು. "ಅಲ್ಲ ಮಾರಾಯ, ನಿನಗೆ ಪಾಠ ಮಾಡೋಕೆ ಬರುತ್ತಾ?" ಅಂತ ಒಬ್ಬ ಮೇಷ್ಟ್ರೂ ಕೇಳಲ್ಲ.

ಹಾಗಂತ ಊನ ಇದ್ದ ಪಾತ್ರ ಎಲ್ಲ ಒಳ್ಳೆಯದಾ? ಅದೂ ಇಲ್ಲ. 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಪಾತ್ರದ ಪ್ರತಿ ಗುಣಕ್ಕೂ ಮೂರು ದಾಳ ಉರುಳಿಸ್ತಿದ್ರು, ಬಿದ್ದಷ್ಟೇ ನಿಮ್ಮ ಭಾಗ್ಯ. ಆಮೇಲೆ ಬಂದ ಆಟಗಳಲ್ಲಿ, ಉದಾಹರಣೆಗೆ 1981ರ ಚಾಂಪಿಯನ್ಸ್‌ನಲ್ಲಿ, ಊನವನ್ನ ನಾವೇ ಆರಿಸ್ಕೊಂಡ್ರೆ ಅದಕ್ಕೆ ಪ್ರತಿಯಾಗಿ ಪಾಯಿಂಟ್ ಸಿಗೋ ಪದ್ಧತಿ ಇತ್ತು. ಐಡಿಯಾ ಒಳ್ಳೆಯದೇ. ಆದ್ರೆ ಆಟಗಾರರು ಕಮ್ಮಿಯವರಾ? ಆಟದಲ್ಲಿ ಎಂದೂ ಅಡ್ಡ ಬರದ ಊನ ಹುಡುಕಿ ತಗೊಂಡು, ಸಿಕ್ಕ ಪಾಯಿಂಟನ್ನ ಕತ್ತಿಗೆ ಹಾಕೋದು ಕಲಿತ್ರು. 1997ರ ಫಾಲ್‌ಔಟ್‌ನಲ್ಲಿ 'ಗಿಫ್ಟೆಡ್' ಅಂತ ಒಂದು ಆಯ್ಕೆ ಇದೆ. ಎಲ್ಲ ಗುಣಗಳೂ ಒಂದೊಂದು ಏರುತ್ತವೆ, ಕಲಿಕೆ ಸ್ವಲ್ಪ ನಿಧಾನ. ಹೆಸರಿಗೆ ಅದೂ ಒಂದು ಕೊರತೆ. ಬಿಲ್ಡ್ ಬರೆಯೋರು ಮೊದಲು ಟಿಕ್ ಹಾಕೋದು ಅದಕ್ಕೇ.

ಇಂಟರ್‌ವ್ಯೂಗೆ ಹೋದವರಿಗೆಲ್ಲ ಇದು ಗೊತ್ತಿರೋ ವಿದ್ಯೆ. "ನಿಮ್ಮ ವೀಕ್‌ನೆಸ್ ಏನು?" ಅಂತ ಕೇಳಿದ್ರೆ "ಸರ್, ನಾನು ತುಂಬಾ ಪರ್ಫೆಕ್ಷನಿಸ್ಟ್" ಅಂತೀವಲ್ಲ, ಅದೇ.

ಇನ್ನೊಂದು ಥರದ ಸುಳ್ಳು ಊನ ಇದೆ. ಶಕ್ತಿ ಕಮ್ಮಿ ಇಟ್ಕೊಂಡ್ರೆ ಕತ್ತಿ ಏಟು ತಪ್ಪುತ್ತೆ. ಮತ್ತೆ ಬೀಸು, ಮತ್ತೆ ತಪ್ಪು. ಆಟ ಉದ್ದ ಆಯ್ತೇ ಹೊರತು ಬೇರೆ ಏನೂ ಆಗಲಿಲ್ಲ. ಇದು ಊನ ಅಲ್ಲ, ಟ್ಯಾಕ್ಸ್.

ನಿಜವಾದ ಊನ ಅಂದ್ರೆ ಲೋಕ ನಿಮ್ಮ ಜೊತೆ ಮಾತಾಡೋ ರೀತಿಯನ್ನೇ ಬದಲಾಯಿಸೋದು. ಅದೇ ಫಾಲ್‌ಔಟ್‌ನಲ್ಲಿ ಬುದ್ಧಿಯನ್ನ ನಾಲ್ಕಕ್ಕಿಂತ ಕಮ್ಮಿ ಇಡಿ. ನಿಮ್ಮ ಪಾತ್ರಕ್ಕೆ ಸರಿಯಾಗಿ ಮಾತೇ ಬರಲ್ಲ. ಊರಿನವರು ಕನಿಕರ ಪಡ್ತಾರೆ, ಇಲ್ಲ ಓಡಿಸ್ತಾರೆ, ಎಷ್ಟೋ ಕೆಲಸ ನಿಮಗೆ ಒಪ್ಪಿಸೋದೇ ಇಲ್ಲ. 1998ರ ಫಾಲ್‌ಔಟ್ 2ರಲ್ಲಿ ಟಾರ್ ಅನ್ನೋ ದನ ಕಾಯೋ ಹುಡುಗನಿದ್ದಾನೆ. ಬುದ್ಧಿವಂತ ಪಾತ್ರಕ್ಕೆ ಅವನ ತೊದಲು ಅಷ್ಟಾಗಿ ಅರ್ಥವಾಗಲ್ಲ. ಬುದ್ಧಿ ಕಮ್ಮಿ ಇರೋ ಪಾತ್ರ ತಗೊಂಡು ಹೋದ್ರೆ ಇಬ್ಬರೂ ಪಂಡಿತರ ಹಾಗೆ ಸೊಗಸಾಗಿ ಹರಟ್ತಾರೆ. ನಗು ಬರುತ್ತೆ. ಆಮೇಲೆ, ಇಷ್ಟು ಹೊತ್ತು ದಡ್ಡ ಅಂತ ತೀರ್ಮಾನ ಮಾಡಿದ್ದು ಯಾರು ಅನ್ನೋ ಪ್ರಶ್ನೆ ಉಳಿಯುತ್ತೆ.

2019ರ ಡಿಸ್ಕೊ ಎಲಿಸಿಯಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಕುಡಿದು ತನ್ನ ಹೆಸರನ್ನೇ ಮರೆತ ಪತ್ತೇದಾರ ಹೋಟೆಲ್ ರೂಮಲ್ಲಿ ಏಳ್ತಾನೆ. ದೇಹಬಲ ತೀರಾ ಕಮ್ಮಿ ಇಟ್ಟಿದ್ರೆ, ತಿರುಗ್ತಿರೋ ಫ್ಯಾನಿಂದ ತನ್ನ ಟೈ ಎಳೆಯೋಕೆ ಹೋಗಿ ಹೃದಯಾಘಾತ ಆಗಿ ಅಲ್ಲೇ ಸಾಯಬಹುದು. ಆಟ ಶುರುವಾಗಿ ಇನ್ನೂ ಕೆಲವೇ ನಿಮಿಷ ಆಗಿರುತ್ತೆ. ಅದರಲ್ಲಿ 24 ಕೌಶಲಗಳಿವೆ, ಒಂದೊಂದೂ ತಲೆಯೊಳಗೆ ಕೂತು ಮಾತಾಡೋ ದನಿ. ನನಗೆ ತುಂಬಾ ಹಿಡಿಸಿದ್ದು ಏನಂದ್ರೆ, ಅಲ್ಲಿ ಕೌಶಲ ಅತಿ ಆದ್ರೂ ತೊಂದರೆಯೇ. ಜ್ಞಾನ ಹೆಚ್ಚಿಟ್ಟರೆ ಕೊಲೆ ಬಗ್ಗೆ ಯೋಚಿಸಬೇಕಾದ ಹೊತ್ತಲ್ಲಿ ಬೇಡದ ವಿಷಯದ ಮೇಲೆ ಪಾಠ ಶುರುವಾಗುತ್ತೆ. ನಮ್ಮ ಆಫೀಸುಗಳಲ್ಲೂ ಇಂಥ ದನಿ ಒಂದು ಇದ್ದೇ ಇರುತ್ತೆ, ತಲೆಯ ಒಳಗಲ್ಲ, ಪಕ್ಕದ ಸೀಟಲ್ಲಿ.

ಹಾಗಾದ್ರೆ ಬಲಿಷ್ಠ ಪಾತ್ರಕ್ಕೆ ಒಳ್ಳೆ ಕಥೆ ಸಾಧ್ಯವೇ ಇಲ್ವಾ? ಇದೆ. 1999ರ ಪ್ಲೇನ್‌ಸ್ಕೇಪ್ ಟಾರ್ಮೆಂಟ್‌ನ ನಾಯಕನಿಗೆ ಸಾವೇ ಇಲ್ಲ. ಇದಕ್ಕಿಂತ ಓಪಿ ಬೇಕಾ? ಆದ್ರೆ ಅವನು ಸತ್ತು ಎದ್ದಾಗಲೆಲ್ಲ ಅವನ ಬದಲು ಬೇರೆ ಎಲ್ಲೋ ಒಂದು ಜೀವ ಹೋಗಿರುತ್ತೆ ಅಂತ ಕಥೆ ಮುಂದೆ ಹೋದ ಹಾಗೆ ಗೊತ್ತಾಗುತ್ತೆ. ಅವನ ಬಲದ ಬಿಲ್ಲು ಬೇರೆಯವರು ಕಟ್ತಿದ್ದಾರೆ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಕಾರ್ಲಾಕ್ ಅಂತ ಒಬ್ಬಳಿದ್ದಾಳೆ. ಅವಳ ಎದೆಯಲ್ಲಿ ಹೃದಯದ ಜಾಗಕ್ಕೆ ನರಕದ ಯಂತ್ರ ಕೂರಿಸಿದ್ದಾರೆ. ಕಾದಾಟಕ್ಕೆ ನಿಂತ್ರೆ ಬೆಂಕಿ. ಅದೇ ಬೆಂಕಿಯಿಂದ ಅವಳನ್ನ ಯಾರೂ ಮುಟ್ಟೋ ಹಾಗಿಲ್ಲ. ಕೊಡಲಿ ಬೀಸಿ ಹತ್ತು ಜನರನ್ನ ಉರುಳಿಸಬಲ್ಲವಳಿಗೆ ಬೇಕಿರೋದು ಒಂದು ಅಪ್ಪುಗೆ, ಅದು ಕೊಡಲಿಯಿಂದ ಸಿಗಲ್ಲ.

ತಾಳಮದ್ದಳೆಗೆ ಇದೂ ಗೊತ್ತು. 'ಕರ್ಣಭೇದನ'ದಲ್ಲಿ ಕೃಷ್ಣನಿಗೆ ಆಗದ ಕೆಲಸ ಯಾವುದಿದೆ? ಕರ್ಣನ ಹುಟ್ಟಿನ ಗುಟ್ಟು ಹೇಳ್ತಾನೆ, ರಾಜ್ಯ ಕೊಡ್ತೀನಿ ಅಂತಾನೆ. ಕರ್ಣ ಒಲ್ಲೆ ಅಂತಾನೆ. ಆ ಒಂದು 'ಒಲ್ಲೆ' ಇರೋದ್ರಿಂದ ಕೃಷ್ಣನ ಪಾತ್ರಕ್ಕೂ ಮಾತಿದೆ, ಕರ್ಣನ ಪಾತ್ರಕ್ಕೂ ಮಾತಿದೆ. ಎಲ್ಲ ಬಲ ಇದ್ದವನಿಗೂ ಸಿಗದ ಒಂದು ವಸ್ತುವನ್ನ ಕಥೆ ಇಟ್ಟಿರಬೇಕು. ಸ್ಕೈರಿಮ್ ಅದನ್ನ ಇಡೋದು ಮರೆತುಬಿಟ್ಟಿದೆ.

ಊನ ಮತ್ತು ಬಲ ಒಬ್ಬನಲ್ಲೇ ಹೇಗೆ ಕೂಡಿರುತ್ತವೆ ಅಂತ ನೋಡೋಕೆ ನಮ್ಮ ಮೂಡಿಗೆರೆಗೇ ಬನ್ನಿ. ತೇಜಸ್ವಿಯವರ 'ಕರ್ವಾಲೋ' 1980ರ ಕಾದಂಬರಿ. ನನ್ನ ಕಣ್ಣಿಗೆ ಅದು ಅಚ್ಚುಕಟ್ಟಾದ ಆರ್‌ಪಿಜಿ. ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಮಂದಣ್ಣ, ಬಿರಿಯಾನಿ ಕರಿಯಪ್ಪ, ಒಂದು ನಾಯಿ, ಹೀಗೆ ಹೊಂದಾಣಿಕೆಯೇ ಇಲ್ಲದ ಒಂದು ಗುಂಪು. ಹುಡುಕಾಟ ಹಾರುವ ಓತಿಗೆ. ಮಂದಣ್ಣನ ಕ್ಯಾರೆಕ್ಟರ್ ಶೀಟ್ ಬರೆದು ನೋಡಿ. ಲೋಕವ್ಯವಹಾರ ಸೊನ್ನೆ. ಕಳ್ಳಭಟ್ಟಿ ಕೇಸಲ್ಲಿ ಸಿಕ್ಕಿಹಾಕ್ಕೊಳ್ಳೋ ಮನುಷ್ಯ. ಊರಿನವರ ಕಣ್ಣಲ್ಲಿ ದಂಡಪಿಂಡ. ಆದ್ರೆ ಕಾಡನ್ನ ನೋಡೋ ಅವನ ಕಣ್ಣು ಯಾವ ಪದವಿಯಿಂದಲೂ ಬರೋದಲ್ಲ. ಅದನ್ನ ಗುರುತಿಸಿದ್ದು ಕರ್ವಾಲೋ. ಕಥೆ ಹೇಳೋ ಕೃಷಿಕನಿಗೆ ಮಂದಣ್ಣನಲ್ಲಿ ಅಂಥದ್ದೇನಿದೆ ಅಂತ ಅರ್ಥವಾಗೋಕೆ ತುಂಬಾ ಹೊತ್ತು ಹಿಡಿಯುತ್ತೆ.

ಕೊನೆ? ಓದಿಲ್ಲದವರು ಈ ಪ್ಯಾರಾ ಬಿಟ್ಟುಬಿಡಿ. ಓತಿ ಸಿಗುತ್ತೆ, ಕಣ್ಣೆದುರೇ ಹಾರಿ ಹೋಗುತ್ತೆ. ಗೇಮ್ ಲೆಕ್ಕದಲ್ಲಿ ಕ್ವೆಸ್ಟ್ ಫೇಲ್. ಆದ್ರೆ ಆ ಪುಸ್ತಕ ಮುಚ್ಚಿಟ್ಟು "ಛೆ, ಹಿಂದಿನ ಸೇವ್ ಲೋಡ್ ಮಾಡೋಣ" ಅಂತ ಯಾರಿಗೂ ಅನ್ಸಲ್ಲ.

ಹಳ್ಳಿಯಿಂದ ಬಂದು, ಬಿಇ ಮಾಡಿ, ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ನನ್ನಂಥವರು ಮೊದಲ ವರ್ಷಗಳಲ್ಲಿ ಕೋಡಿಂಗ್ ಜೊತೆ ಕಲಿಯೋ ಇನ್ನೊಂದು ವಿದ್ಯೆ ಊನ ಮುಚ್ಚಿಡೋದು. ಇಂಗ್ಲಿಷ್ ತಡವರಿಸಿದ್ರೆ ಮೀಟಿಂಗಲ್ಲಿ ಮ್ಯೂಟ್. ಅಪ್ರೈಸಲ್ ಫಾರ್ಮಲ್ಲಿ ಎಲ್ಲದಕ್ಕೂ ನಾಲ್ಕು, ಐದು. ಇಡೀ ದಿನ ಹೀಗೆ ಕಳೆದವನು ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ತೆಗೆದು ಡ್ರ್ಯಾಗನ್ನನ್ನ ಎರಡೇಟಿಗೆ ಬೀಳಿಸಿ ಖುಷಿಪಟ್ಟರೆ ಅದನ್ನ ಹೀಯಾಳಿಸೋರ ಜೊತೆ ನಾನಿಲ್ಲ. ಒಂದು ಗಂಟೆಯಾದ್ರೂ ಯಾರ ಹತ್ರಾನೂ ಕೈ ಕಟ್ಟಿ ನಿಲ್ಲದೇ ಇರೋ ಸುಖ ಅದು. ಓಪಿ ಆಟಕ್ಕೆ ಆ ಬೆಲೆ ಇದ್ದೇ ಇದೆ.

ನನ್ನ ತಕರಾರು ಇರೋದು ಅದೊಂದೇ ಅಭ್ಯಾಸ ಆಗೋದ್ರ ಬಗ್ಗೆ. ಬಿಲ್ಡ್ ಹುಡುಕಿ ಆಡೋದು ಅಂದ್ರೆ ಆಫೀಸಿನ ಲೆಕ್ಕವನ್ನೇ ಮನೆಗೆ ತಂದ ಹಾಗೆ: ಯಾವ ಗುಣಕ್ಕೆ ಎಷ್ಟು ಅಂಕ, ಯಾವುದು ವೇಸ್ಟು, ಯಾರನ್ನ ಬಿಟ್ಟು ಯಾರನ್ನ ಟೀಮಿಗೆ ತಗೋಬೇಕು. ಆ ಲೆಕ್ಕದಲ್ಲಿ ಮಂದಣ್ಣ ಮೊದಲ ಸುತ್ತಲ್ಲೇ ರಿಜೆಕ್ಟ್. ಅದೇ ಕಣ್ಣಲ್ಲಿ ನಾವು ನಮ್ಮನ್ನೂ ನೋಡ್ಕೋತೀವಿ. ಆಟ ನಮಗೆ ಕೊಡಬಹುದಾಗಿದ್ದು ಬೇರೆ ಒಂದು ಇತ್ತು: ನಾಲ್ಕು ಜನರ ಎದುರು ತಪ್ಪಿ, ತಪ್ಪಿದ ಮೇಲೂ ಅಲ್ಲೇ ನಿಂತು ಮಾತು ಮುಂದುವರಿಸೋ ಅಭ್ಯಾಸ. ಅದು ಆಫೀಸಲ್ಲಿ ಕಲಿಯೋಕೆ ದುಬಾರಿ. ಆಟದಲ್ಲಿ ಪುಕ್ಕಟೆ.

ಬಾಲ್ಡರ್ಸ್ ಗೇಟ್ 3ರಲ್ಲಿ ಇಪ್ಪತ್ತು ಮುಖದ ದಾಳ ಉರುಳಿ ಒಂದು ಬಿದ್ರೆ, ನೀವು ಎಂಥ ಮಾತುಗಾರ ಆಗಿದ್ರೂ ಆ ಮಾತು ಸೋಲುತ್ತೆ. ಹೆಚ್ಚಿನವರು ಅಲ್ಲಿ ಎಫ್8 ಒತ್ತಿ ಹಿಂದಿನ ಸೇವ್‌ಗೆ ಹೋಗ್ತಾರೆ. ಮುಂದಿನ ಸಲ ಆಡುವಾಗ ಒಂದು ಪ್ರಯೋಗ ಮಾಡಿ. ಬಿಲ್ಡ್ ನೋಡಬೇಡಿ. ಪಾತ್ರಕ್ಕೆ ಮುಚ್ಚಿಡೋಕೆ ಆಗದ ಒಂದು ಊನ ಕೊಡಿ. ಕಾದಾಟದಲ್ಲಿ ಸತ್ರೆ ಬೇಕಾದ್ರೆ ಲೋಡ್ ಮಾಡ್ಕೊಳ್ಳಿ, ಆದ್ರೆ ಮಾತಿನಲ್ಲಿ ಸೋತಾಗ ಮಾಡಬೇಡಿ. ಎದುರಿನವನು ಏನಂತಾನೆ ಅಂತ ಕೇಳಿಸ್ಕೊಳ್ಳಿ. ನಮ್ಮ ಕಡೆ ಜನ ರಾತ್ರಿಯೆಲ್ಲ ನಿದ್ದೆ ಬಿಟ್ಟು ಕೂರೋದು ಅದಕ್ಕೇ. ಯಾರು ಗೆಲ್ತಾರೆ ಅನ್ನೋದು ಎಲ್ಲರಿಗೂ ಮೊದಲೇ ಗೊತ್ತಿರುತ್ತೆ.