ದೀಪ ಬೆಳಗುವುದಕ್ಕೆ ಮುನ್ನ

ತೈಲಚಿತ್ರ ಪ್ರದರ್ಶನದ ಉದ್ಘಾಟನೆಗೆ ಆಹ್ವಾನಪತ್ರಿಕೆ ಬಂದಿತೆಂದರೆ ಕೊತ್ತಗೆರೆಯಲ್ಲಿರುವವನು ಮಧ್ಯಾಹ್ನವೇ ಹೊರಟು ಕುಣಿಗಲ್ಲಿನಲ್ಲಿ ಬೆಂಗಳೂರಿನ ಬಸ್ಸು ಹತ್ತಬೇಕು. ಈ ತೊಂದರೆಯಲ್ಲೇ ಒಂದು ಲಾಭವೂ ಉಂಟು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಮುಖ್ಯ ಅತಿಥಿಗಳು ಇನ್ನೂ ದಯಮಾಡಿಸದೆ, ಯಾರೋ ದೀಪಸ್ತಂಭಕ್ಕೆ ಬತ್ತಿ ಹಾಕುತ್ತಿರುವ ಆ ಅರ್ಧ ಗಂಟೆ, ಗೋಡೆಯ ಮೇಲಿನ ಚಿತ್ರಗಳೆಲ್ಲ ಬೇಗ ಬಂದವನ ಪಾಲಿನವು. ಭಾಷಣಗಳು ಮುಗಿದು ಕಾಫಿ ಬಂದ ಮೇಲೆ ಚಿತ್ರ ನೋಡುವೆನೆಂಬುದು ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಉಪನಿಷತ್ತು ಓದುವೆನೆಂದಂತೆ.

ಆ ಹೊತ್ತಿಗೆ ನೋಡಬೇಕಾದುದು ಚಿತ್ರದ ಹಸಿತನವನ್ನು. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣವು ಜಲವರ್ಣದಂತೆ ನೀರಾರಿ ಒಣಗುವುದಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಮೆಲ್ಲಮೆಲ್ಲನೆ ಗಟ್ಟಿಯಾಗುವಂಥದು. ಮೇಲ್ಪದರವು ಕೆಲವು ದಿನಗಳಲ್ಲಿ ಬೆರಳಿಗೆ ಅಂಟದಂತಾದರೂ ದಪ್ಪವಾಗಿ ಮೆತ್ತಿದ ಕಡೆ ಒಡಲು ತಿಂಗಳುಗಟ್ಟಲೆ ಮೆದುವಾಗಿಯೇ ಇರುವುದರಿಂದ, ಕಡೆಯ ವಾರ್ನಿಷಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಕಾಯುವುದು ಹಳೆಯ ವಾಡಿಕೆ. ಹೊಸ ಚಿತ್ರವು ಒಂದೆಡೆ ಮಿರುಗುತ್ತ ಮತ್ತೊಂದೆಡೆ, ಅದರಲ್ಲೂ ಕಂದುಬಣ್ಣಗಳಲ್ಲಿ, ಮಂಕಾಗಿ ತೋರುವುದು ಆ ವಾರ್ನಿಷು ಇನ್ನೂ ಬೀಳದಿರುವುದರಿಂದ. ಅದನ್ನು ದೋಷವೆಂದು ಬಗೆಯುವವರು ಅವಸರದವರು. ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು ನಿಂತರೆ ಕುಂಚದ ಗೀರುಗಳ ಏರುತಗ್ಗುಗಳ ಮೇಲೆ ಬೆಳಕು ಓರೆಯಾಗಿ ಬಿದ್ದು, ಕಲಾವಿದನ ಕೈ ಎಲ್ಲಿ ನಿಸ್ಸಂದೇಹವಾಗಿ ಓಡಿತು, ಎಲ್ಲಿ ತಡವರಿಸಿ ಮತ್ತೆ ಬಳಿಯಿತು ಎಂಬುದು ಕಾಣುತ್ತದೆ.

ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಸಾರ್ವಜನಿಕರು ಬರುವುದಕ್ಕೆ ಮುನ್ನ ಚಿತ್ರಕಾರರಿಗೆ ವಾರ್ನಿಷ್ ಬಳಿಯಲೆಂದು ಕೆಲವು ದಿನಗಳನ್ನು ಬಿಟ್ಟುಕೊಡುತ್ತಿದ್ದರು. 1832ರಲ್ಲಿ, ಕಾನ್‌ಸ್ಟೆಬಲನ ವಾಟರ್ಲೂ ಸೇತುವೆಯ ವರ್ಣಾಢ್ಯ ಚಿತ್ರದ ಪಕ್ಕದಲ್ಲಿ ತೂಗಿದ್ದ ತನ್ನ ಬೂದುಬಣ್ಣದ ಕಡಲಚಿತ್ರಕ್ಕೆ ಟರ್ನರನು ಕೆಂಪಿನ ಒಂದೇ ಒಂದು ಬೊಟ್ಟನ್ನಿಟ್ಟು ಹೋಗಿ, ಅನಂತರ ಬಂದು ಅದನ್ನೇ ಕಡಲ ತೇಲುಬುರುಡೆಯಾಗಿ ತಿದ್ದಿದನಂತೆ. ಇಂದಿನ ಉದ್ಘಾಟನಾ ಸಮಾರಂಭಗಳ ಪೂರ್ವಜನು ಇಂತಹ ಕೆಲಸದ ದಿನವೇ ಹೊರತು ಹಾರತುರಾಯಿಗಳ ದಿನವಲ್ಲ. ನಮ್ಮಲ್ಲಿ ಕೆಂಪು ಬೊಟ್ಟು ಈಗ ಮಾರಾಟವಾಯಿತೆಂಬುದರ ಗುರುತು. ಅದು ಬಿದ್ದ ಚಿತ್ರದ ಮುಂದೆಯೇ ಜನ ಹೆಚ್ಚು.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ರವಿವರ್ಮನ ತೈಲಚಿತ್ರಗಳನ್ನು ಕಂಡವರಿಗೆ ವಯಸ್ಸಾದ ಎಣ್ಣೆಬಣ್ಣದ ಗಾಂಭೀರ್ಯವು ಪರಿಚಿತ. ಅಲ್ಲಿಯೇ ಇರುವ, ಕಲಾವಿದ ಹಳದಣಕರರ ದೀಪ ಹಿಡಿದ ಸ್ತ್ರೀಯನ್ನು ತೈಲಚಿತ್ರವೆಂದೂ ರವಿವರ್ಮನದೆಂದೂ ತಿಳಿದು ಬರುವವರು ಎಷ್ಟೋ ಮಂದಿ, ಅದು ಜಲವರ್ಣ. ಹಸಿಯ ಚಿತ್ರವನ್ನು ಹತ್ತಿರದಿಂದ ನೋಡಿ, ಅಗಸೆ ಎಣ್ಣೆಯ ವಾಸನೆಯನ್ನು ಮೂಗಿಗೆ ತಂದುಕೊಂಡವರು ಹೀಗೆ ಬೇಸ್ತುಬೀಳುವುದು ಅಪರೂಪ.

ವ್ಯವಸ್ಥಾಪಕರಲ್ಲಿ ನನ್ನದೊಂದು ಬಿನ್ನಹ: ವೇದಿಕೆಯ ಗಣ್ಯರು ಗೋಡೆಗೆ ಬೆನ್ನುಮಾಡಿ ಕೂರುವ ಪದ್ಧತಿಯನ್ನು ಬಿಟ್ಟು, ಅವರ ಕುರ್ಚಿಗಳನ್ನು ಚಿತ್ರಗಳ ಕಡೆಗೆ ತಿರುಗಿಸಿ ಹಾಕಿಸಿರಿ, ಕುಣಿಗಲ್ಲಿನ ಕಡೆಯ ಬಸ್ಸು ನಮಗೆ ತಪ್ಪದಷ್ಟು ಬೇಗನೆ ಭಾಷಣ ಮುಗಿದೀತು.